ಅಪ್ಪ ಬಡಿಸಿದ ಪಂಕ್ತಿ

ಇಲ್ಲ, ಪುಂಡಿಪಲ್ಲೆ ಇದ್ದಿರಲಿಕ್ಕಿಲ್ಲ. ಇಷ್ಟು ವರ್ಷ ಪುಂಡಿಪಲ್ಲೆ ಎಂದೇ ಹೇಳಿಕೊಂಡು ಬಂದಿದ್ದೇನೆ, ಕೇಳಿದವರು ನಾಲಿಗೆ ಚಪ್ಪರಿಸಿದ್ದಾರೆ. ಆದರೆ ಆ ಮಧ್ಯಾಹ್ನ ಅಪ್ಪನ ಕೈಯಲ್ಲಿದ್ದ ಪಾತ್ರೆಯನ್ನು ಈಗ ನೆನೆದರೆ ಅದರ ಹೊರಮೈ ಮಾತ್ರ ಕಾಣುತ್ತದೆ: ಮಸಿ ಹಿಡಿದ ತಳ, ಒಂದು ಕಡೆ ತಗ್ಗು, ಕಂಠಕ್ಕೆ ಒತ್ತಿದ ಅಪ್ಪನ ಹೆಬ್ಬೆರಳು. ನಾನು ನೆಲದ ಮೇಲೆ ಕೂತಿದ್ದೆ. ಕೂತ ಮಗುವಿಗೆ ಪಾತ್ರೆಯ ತಳ ಕಂಡೀತು, ಒಳಗಿನ ಪಲ್ಲೆ ಹೇಗೆ ಕಂಡೀತು? ಬಹುಶಃ ಕಥೆ ಹೇಳುವಾಗ ಪಾತ್ರೆ ಖಾಲಿ ಇರಬಾರದು ಎಂದು ನಾನೇ ಯಾವಾಗಲೋ ಅದರಲ್ಲಿ ಒಂದು ಪಲ್ಲೆ ಹಾಕಿದೆ. ಇಂಥವು ಇನ್ನೆಷ್ಟು ಹಾಕಿದ್ದೇನೋ. ಅಡುಗೆಮನೆಯಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ಇದ್ದಕ್ಕಿದ್ದಂತೆ ನಿಂತದ್ದು ಮಾತ್ರ ನಾನು ಹಾಕಿದ್ದಲ್ಲ ಎಂದು ನಂಬಿದ್ದೇನೆ. ಅದೂ ಹೋದರೆ ಅವ್ವನ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ನಮ್ಮದು ಚುರುಮುರಿ ಭಟ್ಟಿಯ ಮನೆ. ಬೆಂಗೇರಿ ಆಗ ಹುಬ್ಬಳ್ಳಿಗೆ ಅಂಟಿಯೂ ಅಂಟದ ಊರು. ನಮ್ಮ ಹಿತ್ತಲ ಗೋಡೆಯ ಆಚೆ ಜೋಳದ ಹೊಲಗಳಿದ್ದವು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಚುರುಮುರಿಯ ಚೀಲಗಳನ್ನು ಒಟ್ಟಿ ಅಲ್ಲೇ ಮಾರುತ್ತಿದ್ದೆವು. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಅಡುಗೆಮನೆ, ನೇರ ಹೋದರೆ ಹಿತ್ತಲು, ಹಿತ್ತಲಲ್ಲಿ ಭಟ್ಟಿ. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನ ಕಡಾಯಿಗೆ ಸುರಿದರೆ ಅದು ಮಳೆ ಬಿದ್ದ ಹಾಗೆ ಸಪ್ಪಳ ಮಾಡುತ್ತ ಅರಳುತ್ತಿತ್ತು. ಕಡಾಯಿಯ ಮುಂದೆ ಇಮಾಮಸಾಬ ನಿಲ್ಲುತ್ತಿದ್ದ. ಅವನ ಹುಬ್ಬುಗಳು ಝಳಕ್ಕೆ ಸೀದು ಅರ್ಧರ್ಧ ಉಳಿದಿದ್ದವು. ಅರಳಿದ್ದನ್ನು ಮರಳಿನಿಂದ ಬೇರೆ ಮಾಡುವ ಜರಡಿಯ ಕೆಲಸ ಹೆಂಗಸರದು, ಅವರ ಮುಂದಾಳು ಗಂಗವ್ವ. ಗಂಡ ಇಲ್ಲದವಳು, ಬಾಯಿ ಜೋರು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಜರಡಿ ಹಿಡಿಯುತ್ತಿದ್ದವಳು. ಮನೆಯಲ್ಲಿ ಯಾವ ಬಟ್ಟೆ ಮೂಸಿದರೂ ಹೊಗೆಯ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂತ ಹುಡುಗಿ ನನ್ನ ಜಡೆ ಮೂಸಿ, ನೀನು ಹುರಿದ ಹುಡುಗಿ, ಎಂದಿದ್ದಳು. ನನಗೆ ಅದು ಹೊಗಳಿಕೆ ಅನಿಸಿತ್ತು.

ಮನೆಯವರೆಂದರೆ ಅಪ್ಪ, ಅವ್ವ, ನಾನು. ಅಜ್ಜ ತೀರಿಕೊಂಡಿದ್ದ, ಆದರೆ ಅವನು ಹಾಕಿದ ಒಂದು ಕಟ್ಟಳೆ ಗಟ್ಟಿಯಾಗಿತ್ತು. ಭಟ್ಟಿಯಲ್ಲಿ ದುಡಿಯುವವರಿಗೆ ಮಧ್ಯಾಹ್ನದ ಊಟ ನಮ್ಮ ಪಡಸಾಲೆಯಲ್ಲಿ; ಬಡಿಸುವವನು ಭಟ್ಟಿಯ ಒಡೆಯ; ಅವರೆಲ್ಲ ಉಂಡು ಕೈತೊಳೆದ ಮೇಲೆ ಅವನ ಊಟ. ಅಪ್ಪ ಇದನ್ನು ಅಜ್ಜನ ದನಿಯಲ್ಲೇ ಹೇಳುತ್ತಿದ್ದ:

“ಸಾವಕಾರ ಅಂದ್ರ ಮ್ಯಾಲ ಕುಂತಾವ ಅಲ್ಲ, ಕಡೀಕ ಉಂಡಾವ.”

ಹೇಳಿದಂತೆ ನಡೆಯುತ್ತಿದ್ದ ಕೂಡ. ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ, ಟೊಂಕಕ್ಕೆ ಟವಲು ಸುತ್ತಿ, ರೊಟ್ಟಿಯ ಬುಟ್ಟಿ ಎತ್ತಿಕೊಂಡು ಪಂಕ್ತಿಗೆ ಬರುತ್ತಿದ್ದ. ಪ್ರತಿ ತಾಟಿನ ಮುಂದೆ ನಡು ಬಗ್ಗಿಸಿ, ಎರಡೂ ಕೈಯಿಂದ ಇಡುತ್ತಿದ್ದ. ದೇವರಿಗೆ ಹೂ ಇಟ್ಟ ಹಾಗೆ, ಎಂದು ಬರೆಯಲು ಹೊರಟು ಕೈಬಿಟ್ಟೆ. ಅಪ್ಪ ದೇವರಿಗೆ ಹೂ ಇಡುತ್ತಿದ್ದದ್ದು ಇನ್ನೂ ಅವಸರದಲ್ಲಿ. ಪೇಟೆಯ ವ್ಯಾಪಾರಸ್ಥರು ಕೆಲವರು ಇದನ್ನು ನೋಡಲೆಂದೇ ಊಟದ ಹೊತ್ತಿಗೆ ಬರುತ್ತಿದ್ದರು. ಒಬ್ಬ ಅಕ್ಕಿ ದಲಾಲರು ಹೊಸ್ತಿಲ ಮೇಲೆ ನಿಂತು ತಮ್ಮ ಜೊತೆ ತಂದ ಬೀಗರಿಗೆ ತೋರಿಸಿದ್ದು ನೆನಪಿದೆ.

“ಏನ್ರೀ ಇದು, ಮನೀನೋ ಮಠಾನೋ?”

“ಎರಡೂ ಅಲ್ರೀ. ಭಟ್ಟಿ. ಬೆಂಕಿ ಮುಂದ ನಿಂತು ಬಂದಾರ, ಅವರಿಗೆ ನೀಡೂದು ನನ್ನ ಕೆಲಸ.”

“ನಮ್ಮ ಹಮಾಲರು ನಿಮ್ಮ ಹೆಸರು ಹೇಳಿ ನಮ್ಮನ್ನ ಬೈತಾರ್ರಿ. ಸ್ವಲ್ಪ ಕೆಟ್ಟ ಆಗ್ರಿ, ನಾವೂ ಬದಕ್ತೀವಿ.”

ಅಪ್ಪ ತಲೆ ತಗ್ಗಿಸಿ ಮುಂದಿನ ತಾಟಿಗೆ ಹೋದ. ಅವನ ಕಿವಿಗಳು ಕೆಂಪಾಗಿದ್ದವು. ಅದು ಸಂಕೋಚ ಎಂದು ಆಗ ತಿಳಿದಿದ್ದೆ. ಅಂಥ ಕೆಂಪು ನನ್ನ ಕಿವಿಗೂ ಏರತೊಡಗಿದ ಮೇಲೆ ಅದರಲ್ಲಿ ಖುಷಿಯ ಪಾಲು ಎಷ್ಟಿರುತ್ತದೆ ಎಂದು ಗೊತ್ತಾಯಿತು.

ಪಂಕ್ತಿಯ ಕೊನೆಗೆ, ಗಂಗವ್ವನ ಮಗ್ಗುಲಲ್ಲಿ ನಾನು. ನನ್ನನ್ನು ಅಲ್ಲಿ ಕೂರಿಸಿದವನು ಅಪ್ಪನೇ. ಭಟ್ಟಿಯ ಅನ್ನ ತಿನ್ನುವವಳು ಭಟ್ಟಿಯವರ ಜೊತೆಗೆ ತಿನ್ನಲಿ ಎಂದು. ಹೀಗಾಗಿ ಒಡೆಯನ ಮನೆಯಲ್ಲಿ ಮೊದಲ ಬಿಸಿ ರೊಟ್ಟಿ ತಿನ್ನುತ್ತಿದ್ದವಳು ನಾನೊಬ್ಬಳೇ. ಬಗ್ಗಿದ ಅಪ್ಪನನ್ನು ಇಡೀ ಪಂಕ್ತಿ ಹೇಗೆ ಎದುರುಗೊಳ್ಳುತ್ತಿತ್ತು ಎಂಬುದು ನನಗೆ ದಿನವೂ ಕಾಣುತ್ತಿತ್ತು. ಬುಟ್ಟಿ ಎರಡನೆಯ ಸುತ್ತು ಬರುತ್ತಲೇ ಅಂಗೈಗಳು ಒಂದೊಂದಾಗಿ ತಾಟಿನ ಮೇಲೆ ಬರುತ್ತಿದ್ದವು. ಸಾಕ್ರಿ ಸಾವಕಾರ್ರ. ಸಾಕ್ರಿ. ಬ್ಯಾಡ್ರಿ, ಹೊಟ್ಟಿ ತುಂಬೇತ್ರಿ. ಬೆಳಗಿನಿಂದ ಬೆಂಕಿಯ ಮುಂದೆ ನಿಂತ ಇಮಾಮಸಾಬನ ಅಂಗೈ ಎಲ್ಲರಿಗಿಂತ ಮೊದಲು. ನಾನು ಮಾತ್ರ, ಅಪ್ಪಾ ಇನ್ನೊಂದು, ಎನ್ನುತ್ತಿದ್ದೆ. ಆ ಪಂಕ್ತಿಯಲ್ಲಿ ಇನ್ನೊಂದು ಎಂದು ಕೇಳಲು ಹೆದರದವಳು ಒಡೆಯನ ಮಗಳೊಬ್ಬಳೇ ಆಗಿದ್ದಳು.

ಅಪ್ಪ ಉರುವಲಿಗೆ ಶೇಂಗಾ ಹೊಟ್ಟು ತರಲು ಚಕ್ಕಡಿ ಕಟ್ಟಿಕೊಂಡು ಸುಳ್ಳ ಎಂಬ ಊರಿಗೆ ಹೋದ ದಿನಗಳ ಪಂಕ್ತಿ ಬೇರೆ ಇರುತ್ತಿತ್ತು. ಅಂದು ಬಡಿಸುವವಳು ಅವ್ವ. ಅವಳಿಗೆ ಬಗ್ಗುವಷ್ಟು ಪುರುಸೊತ್ತು ಇರಲಿಲ್ಲ. ಒಲೆಯ ಮೇಲೆ ಹಂಚು ಬಿಟ್ಟು ಬಂದಿರುತ್ತಿದ್ದಳು. ನಿಂತಲ್ಲಿಂದಲೇ ತಾಟಿಗೆ ರೊಟ್ಟಿ ಬೀಳುತ್ತಿತ್ತು, ಬೇಕೋ ಬೇಡವೋ ಎಂದು ಕೇಳದೆ.

“ಅಕ್ಕಾರ, ಸಾವಕಾರ್ರು ಸುಳ್ಳಕ್ಕ ಹೋಗ್ಯಾರೇನ್ರಿ? ಹಂಗಾರ ಇನ್ನೊಂದು ಹಾಕ್ರಿ,” ಎನ್ನುತ್ತಿದ್ದಳು ಗಂಗವ್ವ.

“ಅವರು ಊರಾಗಿಲ್ಲಂದ್ರ ನಿನ್ನ ಹೊಟ್ಟಿ ಹಸೀತೈತೇನ?”

“ಅವರನ್ನ ನೋಡಿದ್ರನ ತುಂಬತೈತ್ರಿ. ಅಷ್ಟು ಬಗ್ಗಿ ನೀಡಿದ್ರ ನುಂಗೂದಾದ್ರೂ ಹ್ಯಾಂಗ್ರಿ.”

ಇಮಾಮಸಾಬ ನಕ್ಕು ನೆತ್ತಿಗೆ ಹತ್ತಿಸಿಕೊಳ್ಳುತ್ತಿದ್ದ. ಅಂಥ ದಿನ ಬುಟ್ಟಿಯಲ್ಲಿ ಪುಡಿಯೂ ಉಳಿಯುತ್ತಿರಲಿಲ್ಲ. ಅವ್ವ ಮತ್ತೆ ಹಿಟ್ಟು ನಾದಲು ಹೋಗುತ್ತಿದ್ದಳು, ಗೊಣಗುತ್ತ, ಆದರೆ ಸಿಟ್ಟಿಲ್ಲದೆ. ಅಪ್ಪ ಇಲ್ಲದ ಪಂಕ್ತಿ ನನಗೆ ಹೆಚ್ಚು ಸೇರುತ್ತಿತ್ತು. ಅಷ್ಟು ಒಳ್ಳೆಯ ಅಪ್ಪ ಮನೆಯಲ್ಲಿಲ್ಲದಿದ್ದರೆ ಚೆನ್ನ ಎಂದುಕೊಳ್ಳುವ ಮಗಳು ಎಂಥವಳು?

ಈಗ ಅವ್ವನ ಊಟಕ್ಕೆ ಬರುತ್ತೇನೆ, ಅಂದರೆ ಬರಲು ಆಗದೆ ಸುತ್ತುತ್ತಿದ್ದೇನೆ. ಪಂಕ್ತಿ ಎದ್ದು ಭಟ್ಟಿಗೆ ಮರಳಿದ ಮೇಲೆ ಅಪ್ಪ ಕೂಡಲೇ ಉಣ್ಣುತ್ತಿರಲಿಲ್ಲ. ಕಡೆಯವನು ಎಂದರೆ ನಿಜವಾಗಿ ಕಡೆಯವನೇ ಆಗಬೇಕು. ಚೀಲ ಹೊರಲು ಬಂದವನು ಉಂಡನೇ? ಚಕ್ಕಡಿಯವನು? ಬಾಗಿಲಲ್ಲಿ ನಿಂತ ಜಂಗಮರು? ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರೆ ಮೊದಲು ಅವರ ವ್ಯಾಪಾರ. ಅವ್ವ ನಡುನಡುವೆ ಪಡಸಾಲೆಗೆ ಬಂದು ನಿಂತು, ಅವನ ಬೆನ್ನು ನೋಡಿ, ಒಳಗೆ ಹೋಗುತ್ತಿದ್ದಳು. ಬಂದೆ, ಎನ್ನುತ್ತಿದ್ದ ಅಪ್ಪ, ತಿರುಗದೆ. ಅವನು ಉಂಡೆದ್ದ ಮೇಲೆ ಅವಳು. ಗಂಡ ಉಣ್ಣುವ ಮೊದಲು ಅವಳು ಉಣ್ಣಬಾರದು ಎಂದು ಅಜ್ಜ ಹೇಳಬೇಕಾಗಿರಲಿಲ್ಲ, ಅಪ್ಪ ಹೇಳಬೇಕಾಗಿರಲಿಲ್ಲ. ಅದು ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ. ಆದರೆ ಉಳಿದ ಮನೆಗಳಲ್ಲಿ ಗಂಡಸರು ಮೊದಲು ಉಣ್ಣುತ್ತಿದ್ದರು, ಆದ್ದರಿಂದ ಹೆಂಗಸರ ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ನಮ್ಮಲ್ಲಿ ಅಪ್ಪನ ಒಳ್ಳೆಯತನ ಎಷ್ಟು ಉದ್ದವಾಗುತ್ತಿತ್ತೋ ಅವ್ವನ ಊಟ ಅಷ್ಟು ದೂರ ಹೋಗುತ್ತಿತ್ತು. ಅವಳು ಉಣ್ಣುವುದನ್ನು ನೆನಪಿಗೆ ತಂದುಕೊಳ್ಳಲು ಎಷ್ಟು ಸಲ ಕೂತಿದ್ದೇನೆ. ಹಿಟ್ಟು ನಾದುವುದು ಬರುತ್ತದೆ, ಹಂಚಿಗೆ ನೀರು ಸವರುವುದು ಬರುತ್ತದೆ, ನನ್ನ ತಲೆ ಬಾಚುವುದು ಬರುತ್ತದೆ. ಬಾಯಿಗೆ ತುತ್ತು ಇಡುವ ಅವ್ವ ಬರುವುದಿಲ್ಲ. ನನ್ನ ಇನ್ನೊಂದು, ಇನ್ನೊಂದುಗಳೆಲ್ಲ ಯಾರ ಪಾಲಿನಿಂದ ಬಂದವು ಎಂದು ಆಗ ಯಾರೂ ನನ್ನನ್ನು ಕೇಳಲಿಲ್ಲ. ನಾನು ಕೇಳಿಕೊಳ್ಳತೊಡಗಿದಾಗ ಉತ್ತರ ಹೇಳುವವರು ಇರಲಿಲ್ಲ.

ಆ ಮಧ್ಯಾಹ್ನ ಮಳೆ ಹಿಡಿದಿತ್ತು, ಪಡುವಣ ಗಾಳಿ ಹಿತ್ತಲ ಹೊಗೆಯನ್ನು ಮನೆಯೊಳಗೆ ತಳ್ಳುತ್ತಿತ್ತು. ಪಂಕ್ತಿ ಕೂತಿತ್ತು. ಅಪ್ಪ ರೊಟ್ಟಿ ಇಟ್ಟು, ಪಲ್ಲೆಯ ಪಾತ್ರೆ ಹಿಡಿದು ಬಂದಿದ್ದ. ಅಡುಗೆಮನೆಯಲ್ಲಿ ಅವ್ವನ ಅಂಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳ ಒಂದೇ ಸಮನೆ ನಡೆದಿತ್ತು. ನಾವೆಲ್ಲ ಆ ಸಪ್ಪಳದ ಮೇಲೆಯೇ ಉಣ್ಣುತ್ತಿದ್ದೆವು, ಅದನ್ನು ಕೇಳದೆ. ಅದು ನಿಂತಿತು. ಗಂಗವ್ವನ ತುತ್ತು ಬಾಯಿಯ ಹತ್ತಿರ ತಡೆಯಿತು. ಇಮಾಮಸಾಬ ಅಡುಗೆಮನೆಯ ಕಡೆ ನೋಡಿದ. ಅಪ್ಪನ ಬಗ್ಗೆ ನನ್ನಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಅವನು ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಎಲ್ಲರಿಗಿಂತ ಮೊದಲು ಓಡುತ್ತಾನೆ. ಇನ್ನೊಂದರಲ್ಲಿ ಅವನಿಗೆ ಏನೂ ಕೇಳಿಲ್ಲ, ಅವನು ಬಗ್ಗಿದವನು ಬಗ್ಗಿದಂತೆಯೇ ಮುಂದಿನ ತಾಟಿಗೆ ಬಡಿಸುತ್ತಿದ್ದಾನೆ. ಎರಡೂ ಅಷ್ಟೇ ಸ್ಪಷ್ಟ. ನ್ಯಾಯವಾಗಿ ಎರಡನ್ನೂ ಬರೆದಿದ್ದೇನೆ. ನನ್ನ ಮನಸ್ಸು ಯಾವುದರ ಕಡೆ ಹೆಚ್ಚು ಸಲ ಹೋಗುತ್ತದೆ ಎಂಬುದನ್ನು ಬರೆಯುವುದಿಲ್ಲ.

ಅವ್ವ ಬೀಸುವ ಕಲ್ಲಿನ ಮಗ್ಗುಲಿಗೆ ಗೋಡೆಗೆ ಒರಗಿ ಬಿದ್ದಿದ್ದಳು. ಮೊಣಕೈವರೆಗೆ ಹಿಟ್ಟು. ಗಂಗವ್ವ ಮುಖಕ್ಕೆ ನೀರು ಹಾಕಿದಳು.

“ಏನಾತ್ರಿ ಅಕ್ಕಾರ?”

“ಏನಿಲ್ಲ. ಕಣ್ಣಿಗೆ ಕತ್ತಲಿ ಬಂದಂಗಾತು. ನೀವು ಹೋಗಿ ಉಣ್ರಿ. ಹಂಚು ಕಾದೈತಿ, ಅದನ್ನಷ್ಟು ಇಳಸವ್ವ.”

“ಹಂಚು ಸುಡ್ಲಿ. ಮುಂಜಾನಿಂದ ಏನ್ ತಿಂದೀರಿ?”

ಅವ್ವ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ.

“ಇವರದು ಇನ್ನೂ ಆಗಿಲ್ಲಲ್ಲ,” ಎಂದಳು.

ಗಂಗವ್ವ ಎದ್ದು ನಿಂತಳು. ಅವಳ ಬಲಗೈಯಲ್ಲಿ ಇನ್ನೂ ಎಂಜಲು ಇತ್ತು, ಅದನ್ನು ಮೈಗೆ ತಾಕದಂತೆ ದೂರ ಹಿಡಿದಿದ್ದಳು.

“ಸಾವಕಾರ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾವು ಉಂಡ ಮ್ಯಾಲ ನೀವು ಉಣ್ತೀರಿ. ನೀವು ಉಂಡ ಮ್ಯಾಲ ಅಕ್ಕಾರು ಉಣ್ತಾರ. ಕಡೀಕ ನೀವ ಕುಂತ್ರ ಅವರು ಎಲ್ಲಿ ಕುಂದರಬೇಕ್ರಿ?”

ಅಪ್ಪ ಅಂಗಡಿಯ ಕಡೆ ತಿರುಗಿದ. ಅವನು ಸಿಟ್ಟಾಗಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಪಂಕ್ತಿಗೆ ಯಾರೂ ಮರಳಲಿಲ್ಲ. ಅರ್ಧ ಉಂಡ ತಾಟುಗಳನ್ನು ಹಾಗೆಯೇ ಬಿಟ್ಟು ಹೋಗುವುದೂ ಅವರಿಂದ ಆಗಲಿಲ್ಲ ಎಂದು ಕಾಣುತ್ತದೆ. ಇಮಾಮಸಾಬ ತನ್ನ ರೊಟ್ಟಿಯನ್ನು ಟವಲಿನ ತುದಿಯಲ್ಲಿ ಕಟ್ಟಿಕೊಂಡ, ಅವನನ್ನು ನೋಡಿ ಉಳಿದವರೂ ಕಟ್ಟಿಕೊಂಡರು. ಅಂದು ಅಪ್ಪ ಉಣ್ಣಲಿಲ್ಲ. ಅಂಗಡಿಯಲ್ಲಿ ಚೀಲಗಳ ನಡುವೆ ಕೂತುಬಿಟ್ಟ. ತಪ್ಪಿಗೆ ಶಿಕ್ಷೆ ಎಂದು ಉಪವಾಸ ಕೂತ ಎಂದು ನಾನು ತಿಳಿದೆ. ಅವನು ಉಣ್ಣದ್ದರಿಂದ ಅವ್ವನೂ ಉಣ್ಣಲಿಲ್ಲ. ಅವನ ಪಶ್ಚಾತ್ತಾಪವೂ ಅವಳ ಹೊಟ್ಟೆಯ ಮೇಲೆಯೇ ಬಂತು. ನನಗೆ ಮಾತ್ರ ಹಾಲಿನಲ್ಲಿ ಚುರುಮುರಿ ನೆನೆಸಿ, ಬೆಲ್ಲ ಹಾಕಿ ಅವ್ವ ಕೊಟ್ಟಳು, ಸಂಜೆಗೆ ಮುಂಚೆಯೇ. ತಿಂದೆ. ಸಿಹಿಯಾಗಿತ್ತು. ಬಟ್ಟಲು ನೆಕ್ಕಿದೆ.

ಮರುದಿನ ಅಪ್ಪ ಎಲ್ಲವನ್ನೂ ಸರಿಮಾಡಲು ಹೊರಟ. ಪಂಕ್ತಿಯ ನಟ್ಟನಡುವೆ ಒಂದು ಮಣೆ ಹಾಕಿದ. ರೊಟ್ಟಿಗಳನ್ನು ಬೇಗ ಬೇಗ ಮಾಡಿಸಿ, ಒಲೆ ಆರಿಸಿ, ಅವ್ವನನ್ನು ಕರೆದ.

“ಬಾ, ಕುಂದ್ರು. ಇವತ್ತಿಂದ ನೀನೂ ಇವರ ಜೋಡಿ ಮೊದಲ ಉಣ್ಣು. ನಾ ನೀಡ್ತೀನಿ.”

ಅವ್ವ ಸೆರಗು ತಲೆಯ ಮೇಲೆಳೆದುಕೊಂಡು ಕೂತಳು. ಒಂದು ಕಡೆ ಇಮಾಮಸಾಬ, ಇನ್ನೊಂದು ಕಡೆ ಗಂಗವ್ವ. ಅಪ್ಪ ಅವಳ ಮುಂದೆಯೂ ಬಗ್ಗಿದ, ಎರಡೂ ಕೈಯಿಂದ ರೊಟ್ಟಿ ಇಟ್ಟ, ಬೆಣ್ಣೆ ಇಟ್ಟ, ಎದ್ದು ಎದುರಿಗೇ ನಿಂತ. ಅವಳು ಮುಟ್ಟಲಿಲ್ಲ. ಅವಳು ಮುಟ್ಟದೆ ಪಂಕ್ತಿಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಉಣ್ಣು, ಎಂದ ಅಪ್ಪ. ಉಣ್ಣವಾ, ಎಂದ, ಇನ್ನೂ ಮೆತ್ತಗೆ. ಬೆಣ್ಣೆ ಕರಗಿ ರೊಟ್ಟಿಯ ಕೆಳಗೆ ಇಳಿಯಿತು. ನನಗೆ ಹಸಿವಾಗಿತ್ತು, ನನ್ನ ಕಣ್ಣು ಅವ್ವನ ತಾಟಿನ ಬೆಣ್ಣೆಯ ಮೇಲೆ ಇತ್ತು. ಇದೊಂದು ಖಂಡಿತ ನಿಜ, ಏಕೆಂದರೆ ಇಂಥ ಸುಳ್ಳನ್ನು ಯಾರೂ ತಮ್ಮ ಮೇಲೆ ಹುಟ್ಟಿಸಿಕೊಳ್ಳುವುದಿಲ್ಲ.

“ಇಳೀವಲ್ದು,” ಎಂದಳು ಅವ್ವ. “ನೀವು ಹಸದು ಎದುರಿಗೆ ನಿಂತ್ರ ನನಗ ಹ್ಯಾಂಗ ಇಳೀಬೇಕ್ರಿ?”

“ಸಾವಕಾರ್ರ, ನೀವೂ ಕುಂದರ್ರಿ,” ಎಂದ ಇಮಾಮಸಾಬ.

“ನಾ ಕುಂತ್ರ ನೀಡವ್ರು ಯಾರು?”

“ಬುಟ್ಟಿ ನಡುವ ಇಡ್ರಿ,” ಎಂದಳು ಗಂಗವ್ವ. “ಹಸದಾವ ತಗೋತಾನ. ನಮಗೇನು ಕೈ ಇಲ್ಲೇನ್ರಿ?”

ಅಪ್ಪ ಬುಟ್ಟಿಯನ್ನು ಎದೆಗೆ ಹಿಡಿದುಕೊಂಡ. ಅವನ ಕೈಯಿಂದ ಯಾರೋ ಕಸಿಯಲು ಬಂದಂತೆ.

“ಅಪ್ಪಾರು ಹೇಳಿದ್ದು ಹಂಗಲ್ಲ,” ಎಂದ.

“ಮಾವನೋರು ಕಡೀಕ ಉಣ್ಣು ಅಂದಿದ್ರು, ಖರೇ,” ಎಂದಳು ಅವ್ವ, ತಾಟಿನ ಕಡೆ ನೋಡುತ್ತಲೇ. “ಎಲ್ಲಾರೂ ಕೂಡಿ ಉಂಡ್ರ ಎಲ್ಲಾರೂ ಕಡೀಕ ಉಂಡಂಗ ಆಗಂಗಿಲ್ಲೇನ್ರಿ? ನಿಮ್ಮ ಹಿಂದ ಯಾರೂ ಉಳಿಯಂಗಿಲ್ಲಲ್ಲ.”

ಇದು ಅವ್ವನ ಮಾತೇ ಇರಬೇಕು, ನನಗೆ ಇಷ್ಟು ಹೊಳೆಯುವುದಿಲ್ಲ. ಅಪ್ಪ ಬುಟ್ಟಿ ಇಟ್ಟ. ಇಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ತನ್ನದೇ ಪಡಸಾಲೆಯಲ್ಲಿ ಅವನು ಆ ಹೊತ್ತಿನಲ್ಲಿ ಕೂತವನೇ ಅಲ್ಲ. ಅವ್ವ ಎದ್ದು ತನ್ನ ಮಣೆಯನ್ನು ಅವನ ಕಡೆ ಸರಿಸಿದಳು, ತಾಟು ಎತ್ತಿಕೊಂಡಳು, ನಾ ಒಳಗ ಉಣ್ತೀನಿ, ಎಂದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅಪ್ಪ ಕೂತ. ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಆಮೇಲೆ ಇಮಾಮಸಾಬ ಕೈ ಚಾಚಿ ಬುಟ್ಟಿಯಿಂದ ತಾನೇ ಎರಡು ತೆಗೆದುಕೊಂಡ, ಒಂದನ್ನು ಅಪ್ಪನ ತಾಟಿಗೆ ಹಾಕಿದ. ಅಪ್ಪ ಅಂಗೈ ಅಡ್ಡ ಹಿಡಿದು, ಸಾಕು, ಎಂದ. ಪಂಕ್ತಿ ನಕ್ಕಿತು. ಅಪ್ಪನಿಗೆ ಏಕೆ ನಕ್ಕರೆಂದು ತಿಳಿಯಲಿಲ್ಲ.

ಅಂದಿನಿಂದ ಅವನು ಪಂಕ್ತಿಯಲ್ಲೇ ಉಂಡ. ಮೊದಮೊದಲು ಯಾರೂ ಮಾತಾಡುತ್ತಿರಲಿಲ್ಲ. ಬರಬರುತ್ತ ಅವನು ಅಲ್ಲಿರುವುದನ್ನು ಮರೆತರು. ಅವನು ಬುಟ್ಟಿ ಹಿಡಿದು ನಿಂತಿದ್ದಾಗ ಎಂದೂ ಕೇಳದ ಮಾತುಗಳು ಕೂತ ಕಿವಿಗೆ ಬೀಳತೊಡಗಿದವು. ಒಂದು ದಿನ ಗಂಗವ್ವ ಇಮಾಮಸಾಬನಿಗೆ, ಈ ಗಾಳಿ ಬೀಸಿದ್ರ ನಮ್ಮ ಕಣ್ಣು ಹೋಗ್ತಾವು, ಎಂದಳು. ಅಪ್ಪ ತಲೆ ಎತ್ತಿದ.

“ಯಾಕ?”

“ಹೊಗಿ ಪೂರಾ ಜರಡಿ ಹಿಡಿಯೋರ ಮಾರಿಗೇ ಬರತೈತಲ್ರಿ.”

“ಯಾವಾಗಿಂದ?”

“ಭಟ್ಟಿ ಕಟ್ಟಿದಾಗಿಂದ್ರಿ.”

“ನನಗ ಹೇಳಬಾರದೇನು?”

“ನೀವು ಬಗ್ಗಿ ಅನ್ನಾ ನೀಡಾಕತ್ತಾಗ ಹೊಗಿ ಮಾತು ಹ್ಯಾಂಗ ತಗೀಬೇಕ್ರಿ? ಛಲೋ ಕಾಣಂಗಿಲ್ಲ.”

ಊಟವಾದ ಮೇಲೆ ಅಪ್ಪ ಗಂಗವ್ವನ ಜಾಗದಲ್ಲಿ ಹೋಗಿ ಕೂತ. ಜರಡಿ ಹಿಡಿದ. ಕಣ್ಣು ಮೂಗು ಸುರಿಯುತ್ತ ಎದ್ದುಬಂದ. ಮಳೆಗಾಲ ಮುಗಿಯುವ ಮುಂಚೆ ಹೊಗೆಗೂಡು ಎತ್ತರವಾಯಿತು, ಜರಡಿಯ ಜಾಗ ಭಟ್ಟಿಯ ಇನ್ನೊಂದು ಮಗ್ಗುಲಿಗೆ ಹೋಯಿತು. ಆಮೇಲೆ ಅವನು ಕೇಳುವುದನ್ನು ಕಲಿತ, ತಡವರಿಸುತ್ತ. ಬರುವ ನೋಡುಗರು ಕಡಿಮೆಯಾದರು. ಉಣ್ಣುವ ಸಾವಕಾರನನ್ನು ನೋಡಲು ಯಾರು ಬರುತ್ತಾರೆ? ಆ ದಲಾಲರು ಒಮ್ಮೆ, ಏನ್ರೀ, ನೀಡೂದು ಬಿಟ್ರಂತ, ಎಂದರು. ಹಸಿವಿ ಆಗಾಕತ್ತಿತ್ರಿ, ಎಂದ ಅಪ್ಪ. ಅಪ್ಪ ತಮ್ಮ ಜೊತೆ ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂದು ಅವರು ಸ್ವಲ್ಪ ಹೊತ್ತು ನಿಂತು ನೋಡಿ ಹೋದರು.

ಇಲ್ಲಿಗೆ ನಿಲ್ಲಿಸಿದರೆ ಇದು ಅಪ್ಪ ತಿದ್ದಿಕೊಂಡ ಕಥೆಯಾಗುತ್ತದೆ. ಬಹಳ ಜನರ ಮುಂದೆ ಹಾಗೆಯೇ ಹೇಳಿದ್ದೇನೆ ಕೂಡ. ಅಪ್ಪನ ನಂತರ ಭಟ್ಟಿ ನನ್ನ ಕೈಗೆ ಬಂತು. ಒಡೆತನವೆಂದರೆ ಏನೆಂದು ಕೇಳಿದವರಿಗೆಲ್ಲ ಬುಟ್ಟಿ ನಡುವೆ ಇಟ್ಟದ್ದನ್ನು ಹೇಳಿದೆ. ಹಾಗೆ ಹೇಳುತ್ತಲೇ ನಾನು ಭಟ್ಟಿಯ ಹೆಂಗಸರಿಗೆ ದಿನವೂ ನನ್ನ ಕೈಯಾರೆ ಚಹಾ ಕೊಡುತ್ತಿದ್ದೆ, ಯಾರಾದರೂ ಇವತ್ತು ಬ್ಯಾಡ್ರಿ ಎಂದರೆ ಸಂಜೆಯವರೆಗೆ ಅವರ ಮೇಲೆ ಮುನಿಸಿಕೊಂಡಿರುತ್ತಿದ್ದೆ. ಅಪ್ಪ ಬಿಟ್ಟ ಬುಟ್ಟಿಯನ್ನು ನಾನು ಯಾವಾಗ ಎತ್ತಿಕೊಂಡೆನೋ. ಆ ಕಥೆಯಲ್ಲಿ ಅಡುಗೆಮನೆಯ ಬಾಗಿಲು ಮುಂದಾದ ಮೇಲೆ ಒಳಗೆ ಏನಾಯಿತು ಎಂಬುದನ್ನು ನಾನೆಂದೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಂದು ಅವ್ವ ತಾಟು ಎತ್ತಿಕೊಂಡು ಹೋದಳು. ಉಂಡಳೇ? ಗಂಡ ಉಂಡೇಳುವವರೆಗೆ ಅದನ್ನು ಮುಂದಿಟ್ಟುಕೊಂಡು ಕೂತಳೇ? ಆಮೇಲಿನ ದಿನಗಳಲ್ಲಿ?

ಅವ್ವ ಹೋಗಿ ಬಹಳ ದಿನಗಳಾದ ಮೇಲೆ ಗಂಗವ್ವನನ್ನು ನೋಡಲು ಉಣಕಲ್ಲಿಗೆ ಹೋಗಿದ್ದೆ. ಮಗಳ ಮನೆಯಲ್ಲಿದ್ದಳು, ಕಣ್ಣು ಮಂಜಾಗಿತ್ತು, ಬಾಯಿ ಹಾಗೆಯೇ ಇತ್ತು. ಆ ಮಧ್ಯಾಹ್ನದ ಮಾತು ತೆಗೆದೆ. ಅವಳು ಅಪ್ಪನಿಗೆ ಅಂದ ಮಾತನ್ನು ಅವಳಿಗೇ ಹೇಳಿ ತೋರಿಸಿದೆ, ಹೆಮ್ಮೆಯಿಂದ. ಅವಳು ನಕ್ಕಳು.

“ಅವತ್ತ ಶ್ರಾವಣ ಸೋಮವಾರ ಇತ್ತಲ್ಲ ನೀಲವ್ವ. ನಿಮ್ಮವ್ವ ಒಪ್ಪತ್ತು ಹಿಡದಿದ್ಲು. ಸಂಜೀ ಪೂಜಿ ಆಗೂತನಕ ಆಕಿ ಹೆಂಗೂ ಉಣ್ಣಾಕಿದ್ದಿಲ್ಲ.”

“ಮತ್ತ ನೀ ಉಣ್ಣಾಕತ್ತಿದ್ದಿ?”

“ನಾ ಎಲ್ಲೀ ಒಪ್ಪತ್ತು ಹಿಡೀಲಿ, ದಿನಾ ದುಡಿಯಾಕಿ.”

“ಹಂಗಿದ್ರ ಅಪ್ಪಗ ಹಂಗ ಯಾಕ ಅಂದಿ?”

“ಅಂದಿದ್ದು ಸುಳ್ಳೇನು? ಸೋಮವಾರಕ್ಕ ಸುಳ್ಳು, ಉಳದ ದಿವಸಕ್ಕ ಖರೇನ ಇತ್ತಲ್ಲ. ಅವತ್ತ ಬಾಯಿ ಬಂತು, ಅಂದೆ.”

“ಅವ್ವ ಒಪ್ಪತ್ತು ಐತಿ ಅಂತ ಯಾಕ ಹೇಳಲಿಲ್ಲ?”

“ಅದನ್ನ ನನ್ನ ಯಾಕ ಕೇಳ್ತಿ? ಆಕಿನ್ನ ಕೇಳಬೇಕಾಗಿತ್ತು.”

ಶ್ರಾವಣ ಸೋಮವಾರವಾಗಿದ್ದರೆ ಅಪ್ಪನಿಗೂ ಒಪ್ಪತ್ತು ಇರಬೇಕು, ಇಬ್ಬರೂ ಕೂಡಿಯೇ ಹಿಡಿಯುತ್ತಿದ್ದರು. ಹಾಗಾದರೆ ಅವನು ಚೀಲಗಳ ನಡುವೆ ಉಣ್ಣದೆ ಕೂತದ್ದು ಪಶ್ಚಾತ್ತಾಪಕ್ಕಲ್ಲ. ಇವರದು ಇನ್ನೂ ಆಗಿಲ್ಲಲ್ಲ ಎಂದು ಅವ್ವ ಅಂದಿರಲೂ ಸಾಧ್ಯವಿಲ್ಲ. ಆ ಮಾತನ್ನು ಅವಳ ಬಾಯಿಗೆ ನಾನೇ ಇಟ್ಟಿರಬೇಕು. ಗಂಗವ್ವ ಬೈಯುವಾಗ, ಇವತ್ತು ಸೋಮವಾರ ಅಲ್ಲೇನ, ಎಂಬ ಒಂದೇ ಮಾತಿನಿಂದ ಅಪ್ಪ ತಪ್ಪಿಸಿಕೊಳ್ಳಬಹುದಿತ್ತು, ಅವ್ವ ಅವನನ್ನು ಉಳಿಸಿಕೊಳ್ಳಬಹುದಿತ್ತು. ಇಬ್ಬರೂ ಸುಮ್ಮನಿದ್ದರು. ಬೇಕೆಂದೇ ಸುಮ್ಮನಿದ್ದರೋ, ಗಾಬರಿಯಲ್ಲಿ ವಾರವೇ ಮರೆತಿತ್ತೋ, ಅಥವಾ ಮುಪ್ಪಿನ ಗಂಗವ್ವನಿಗೆ ಯಾವುದೋ ಬೇರೆ ದಿನ ಇದರಲ್ಲಿ ಬೆರೆಯಿತೋ, ಹೇಳಬಲ್ಲವರು ಯಾರೂ ಉಳಿದಿಲ್ಲ. ಆ ಮಧ್ಯಾಹ್ನ ಅವ್ವನನ್ನು ಕೆಡವಿದ್ದು ಅಪ್ಪನ ಕಟ್ಟಳೆಯೋ, ಅವಳ ಸ್ವಂತ ವ್ರತವೋ ನನಗೆ ಗೊತ್ತಿಲ್ಲ. ಉಳಿದ ದಿನಗಳಲ್ಲಿ ಅವಳಿಗೆ ಎಷ್ಟು ಹಸಿವಾಗುತ್ತಿತ್ತು ಎಂಬುದೂ ಗೊತ್ತಿಲ್ಲ.